ಮೂವತ್ತೆರಡನೆಯ ಸೂಚನೆ

ಮಾರ್ಚ್ 3, ಸೋಮವಾರ

ಆರಕ್ಕೆ ಎದ್ದೆ. ದೊರೆಯ ಮಗ್ಗುಲು ತಿರುಗಿಸಿ, ಮೈ ಒರೆಸಿ, ಬಟ್ಟೆ ಬದಲಿಸುವಷ್ಟರಲ್ಲಿ ಏಳೂವರೆ. ನನ್ನ ಮಗ. ಇಪ್ಪತ್ತಮೂರು ವರ್ಷ, ಅರವತ್ತೊಂದು ಕೆಜಿ. ಮಾತಿಲ್ಲ, ನಡಿಗೆಯಿಲ್ಲ. ಬೇಡವೆಂದರೆ ಬಾಯಿ ಬಿಗಿಹಿಡಿಯುವುದೊಂದು ಗೊತ್ತು. ಕೂತಲ್ಲೇ ಎಲ್ಲ ಸೇವೆ ಆಗಬೇಕಲ್ಲ, ಅದಕ್ಕೇ ದೊರೆ. ಹೆಂಡತಿ ಇಟ್ಟ ಹೆಸರು. ಅವಳು ಹೋಗಿ ನಾಲ್ಕು ವರ್ಷ.

ಗಾಲಿಕುರ್ಚಿಗೆ ಎತ್ತುವಾಗ ತೊಡೆಸಂದಿನಲ್ಲಿ ಮತ್ತೆ ಅದೇ ನೋವು. ಮಧ್ಯಾಹ್ನ ಡಾಕ್ಟರು ಖಡಾಖಂಡಿತ ಹೇಳಿದರು — ಹರ್ನಿಯಾ. ಏಪ್ರಿಲ್‌ನಲ್ಲಿ ಆಪರೇಷನ್. ಆಮೇಲೆ ಮೂರು ತಿಂಗಳು ಭಾರ ಎತ್ತಕೂಡದು. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದರು. ದೊರೆ ಇದ್ದಾನೆ ಎಂದೆ. ನಗಲಿಲ್ಲ.

ಎತ್ತುವುದು ಹೇಗೋ ಆದೀತು. ಊಟ? ಅವಳು ಹೋದ ಮೇಲೆ ನನ್ನ ಕೈಯಿಂದಲ್ಲದೆ ಯಾರ ಕೈಯಿಂದಲೂ ಉಂಡವನಲ್ಲ. ಕಳೆದ ವರ್ಷ ನನಗೆ ಜ್ವರ ಬಂದಾಗ ನರ್ಸ್ ಇಟ್ಟಿದ್ದೆ. ಎರಡು ದಿನ ಬಾಯಿ ತೆರೆಯಲಿಲ್ಲ. ಜ್ವರದಲ್ಲೇ ಎದ್ದು ಹೋಗಿ ಉಣಿಸಿದೆ.

ಮಾರ್ಚ್ 8, ಶನಿವಾರ

ದೊರೆಗೆ ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹುಡುಗಿಯ ಕಾಟ ತಡೆಯಲಾರದೆ ಹೋದೆ. ತಾನು ದೊರೆಯ ಹತ್ತಿರ ಕೂರುತ್ತೇನೆಂದು ನನ್ನನ್ನು ಹೊರಗೆ ಅಟ್ಟಿದಳು. ಲೈಬ್ರರಿ ಮಹಡಿ. ಇಂಥ ಮಕ್ಕಳನ್ನು, ಹಿರಿಯರನ್ನು ನೋಡಿಕೊಳ್ಳುವವರ ಗುಂಪು. ದುಂಡಗೆ ಕುರ್ಚಿ ಹಾಕಿ ಒಂಬತ್ತು ಹೆಂಗಸರು, ನಾನೊಬ್ಬ. ತಲೆಗೊಂದು ಮಾತು, ಮೂಗು ಒರೆಸಿಕೊಳ್ಳುವುದು. ಸಾಕಪ್ಪಾ ಅನ್ನಿಸಿತು. ನನ್ನ ಸರದಿ ಬಂದಾಗ, ಅಳಲು ಬಂದಿಲ್ಲ, ಉಣಿಸುವವರು ಬೇಕು ಎಂದೆ. ಒರಟಾಯಿತು.

ಆದರೆ ಅರ್ಧ ಗಂಟೆಯಲ್ಲಿ ನಾಲ್ಕು ವರ್ಷದಲ್ಲಾಗದ ಕೆಲಸ ಆಯಿತು. ಮೈ ಎತ್ತುವ ಯಂತ್ರವೊಂದು ಯಾರದೋ ಮನೆಯಲ್ಲಿ ಸುಮ್ಮನೆ ಬಿದ್ದಿದೆಯಂತೆ, ಏಪ್ರಿಲ್‌ಗೆ ಎರವಲು ಸಿಗುತ್ತದೆ. ರಾತ್ರಿ ಮಲಗಲು ಇಬ್ಬರ ಗಂಡಂದಿರು ಸರದಿ ಹಾಕಿಕೊಂಡರು. ಮೂಲೆಯಲ್ಲಿದ್ದ ಬಟ್ಟೆ ಹೊಲಿಯುವ ಹೆಂಗಸು, ಎಲ್ಲರ ಬಾಯಲ್ಲೂ ಟೈಲರಮ್ಮ, ಮೆಲ್ಲಗೆ, "ಉಣ್ಸೋಕೆ ನಾನ್ ಬರ್ತೀನಿ ಅಣ್ಣಾ" ಎಂದಳು.

ನಿಮ್ಮ ಮನೆಯಲ್ಲಿ ಯಾರನ್ನು ನೋಡಿಕೊಳ್ಳುತ್ತೀರಿ ಎಂದು ಕೇಳಿದೆ. ಮಗಳಿದ್ದಳಂತೆ. ಹೋದ ವರ್ಷ ತೀರಿಕೊಂಡಳು. ಮತ್ತೆ ಇಲ್ಲಿಗೇಕೆ ಬರುತ್ತೀರಿ ಎಂದು ಕೇಳಿಬಿಟ್ಟೆ, ಬುದ್ಧಿಗೇಡಿ.

"ಊಟದ್ ಹೊತ್ತಿಗೆ ಕೈ ಸುಮ್ನಿರಲ್ಲ ಅಣ್ಣಾ."

ಮಾರ್ಚ್ 12

ಬೈಂಡಿಂಗ್ ಕೆಲಸ ಬದಿಗಿಟ್ಟು ದೊರೆಯ ಬಗ್ಗೆ ಬರೆದೆ. ಮೂವತ್ತೊಂದು ಸೂಚನೆ. ಕತ್ತಿನ ಹಿಂದೆ ಚಿಕ್ಕ ದಿಂಬು. ಚಮಚ ಎಡಗಡೆಯಿಂದ. ಬಿಸಿಯನ್ನು ತುಟಿಗೆ ತಾಗಿಸಿ ನೋಡುವುದು. ಕೆಮ್ಮಿದರೆ ಬೆನ್ನು ತಟ್ಟಬಾರದು, ಮುಂದಕ್ಕೆ ಬಾಗಿಸುವುದು. ಹೊಲಿದು, ಗೋಂದು ಹಚ್ಚಿ, ನೀಲಿ ಕ್ಯಾಲಿಕೋ ಬಟ್ಟೆಯ ರಟ್ಟು ಹಾಕಿದೆ. ನಲವತ್ತು ವರ್ಷ ಕಂಡವರ ಪುಸ್ತಕ ಕಟ್ಟಿದವನ ಮೊದಲ ಸ್ವಂತ ಕೃತಿ. ಓದುಗರು ಒಬ್ಬರು.

ಮಾರ್ಚ್ 15, ಶನಿವಾರ

ಟೈಲರಮ್ಮ ಬಂದಳು. ಪುಸ್ತಕ ಎರಡು ಸಲ ಓದಿದಳು. ನನ್ನನ್ನು ಹೊರಗೆ ಕಳಿಸಿದಳು. ಎದುರಿನ ಔಷಧಿ ಅಂಗಡಿ ಮೆಟ್ಟಿಲಲ್ಲಿ ಮುಕ್ಕಾಲು ಗಂಟೆ ಕೂತೆ. ಒಳಗೆ ಬಂದರೆ ಬಟ್ಟಲು ತುಂಬಿದ್ದ ಹಾಗೇ ಇದೆ. ದೊರೆ ಗೋಡೆ ನೋಡುತ್ತಿದ್ದಾನೆ.

ಮಾರ್ಚ್ 17

ಇವತ್ತೂ ಇಲ್ಲ. ಟೈಲರಮ್ಮ ಮನೆಗೆ ಹೋದ ಮೇಲೆ ನಾನು ಕೊಟ್ಟೆ, ಗಬಗಬ ತಿಂದ. ಒಳಗೊಳಗೇ ಖುಷಿಯಾಯಿತು. ನಾಚಿಕೆಗೆಟ್ಟವನು ನಾನು. ನಾನು ಸತ್ತರೆ ಇವನು ಹಸಿದು ಸಾಯುತ್ತಾನೆ ಎನ್ನುವುದರಲ್ಲಿ ಯಾವ ಹೆಮ್ಮೆ?

ಮಾರ್ಚ್ 29, ಶನಿವಾರ

ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ. ಎಲ್ಲ ಬಿಟ್ಟುಬಿಡೋಣ, ಆಪರೇಷನ್ನೂ ಬೇಡ ಎಂದು ಟೈಲರಮ್ಮನಿಗೆ ಫೋನ್ ಮಾಡಿದ್ದೆ. ಹೇಳದೆ ಕೇಳದೆ ಬಂದಳು. ಇವತ್ತು ನೀವು ಉಣಿಸಿ, ನಾನು ನೋಡುತ್ತೇನೆ ಎಂದು ಕನ್ನಡಕ ಏರಿಸಿ ಎದುರಿಗೆ ಕೂತಳು.

ಅರ್ಧ ಊಟವಾಗಿತ್ತು.

"ಅಣ್ಣಾ, ಪ್ರತಿ ತುತ್ತಿಗೂ ಮುಂಚೆ ಚಮಚಾನ ಬಟ್ಲಿನ ಅಂಚಿಗೆ ಎರಡು ಸಲ ತಟ್ತೀರಿ. ಪುಸ್ತಕದಲ್ಲಿ ಬರ್ದಿಲ್ಲ ಅದನ್ನ."

ಇಲ್ಲ ಎಂದೆ. ಹೌದು ಎಂದಳು. ಸಿಟ್ಟು ಬಂತು. ಇಪ್ಪತ್ತಮೂರು ವರ್ಷದಿಂದ ಇವನ ಜೊತೆ ಇರುವವನು ನಾನೋ ನೀವೋ ಎಂದು ರೇಗುತ್ತಲೇ ಮುಂದಿನ ತುತ್ತು ತೆಗೆದೆ — ಟಣ್ ಟಣ್. ಚಮಚ ಇನ್ನೂ ಬಟ್ಟಲಲ್ಲೇ ಇತ್ತು. ದೊರೆ ಬಾಯಿ ತೆರೆದ.

ನನ್ನ ಹೆಂಡತಿಯ ಉಂಗುರ. ಅವಳು ಕೈಯಲ್ಲೇ ಕಲಸಿ ಉಣಿಸುತ್ತಿದ್ದಳು. ತುತ್ತು ಮಾಡುವಾಗ ಉಂಗುರ ಸ್ಟೀಲ್ ಬಟ್ಟಲಿಗೆ ತಗುಲುತ್ತಿತ್ತು. ಹತ್ತೊಂಬತ್ತು ವರ್ಷ ಮುಂದಿನ ಕೋಣೆಯಲ್ಲಿ ರಟ್ಟು ಕತ್ತರಿಸುತ್ತಾ ಕೇಳಿದ ಸದ್ದು. ನನ್ನ ಕೈ ಅದನ್ನು ಯಾವಾಗ ಕಲಿಯಿತೋ, ದೇವರಿಗೇ ಗೊತ್ತು. ದೊರೆ ನಾಲ್ಕು ವರ್ಷದಿಂದ ಉಣ್ಣುತ್ತಿರುವುದು ಅಮ್ಮನ ಕೈಯಿಂದ. ನಾನು ಬರೀ ಚಮಚ.

ಟವೆಲ್ಲಿಗೆ ಮುಖ ಒತ್ತಿಕೊಂಡು ಅತ್ತೆ. ಅವಳ ಮಣ್ಣಿನ ದಿನವೂ ಹೀಗೆ ಅತ್ತಿರಲಿಲ್ಲ. ಟೈಲರಮ್ಮ ನೀಲಿ ಪುಸ್ತಕ ತೆಗೆದುಕೊಂಡಳು. ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ 32 ಎಂದು ಹಾಕಿ ಬರೆದಳು. ಸೋಮವಾರ ಬಂದು ತಾನೇ ಉಣಿಸಿ ನೋಡುತ್ತೇನೆ ಎಂದಳು.

ಏಪ್ರಿಲ್ 1, ಆಸ್ಪತ್ರೆ

ಭಾನುವಾರ ದೊರೆಯನ್ನು ಎತ್ತುವಾಗಲೇ ಕುಸಿದೆ. ಕರುಳು ಸಿಕ್ಕಿಕೊಂಡಿದೆಯಂತೆ. ಎದೆಯ ರಿಪೋರ್ಟೂ ಸರಿಯಿಲ್ಲ ಎಂದು ನಿನ್ನೆಯೆಲ್ಲ ತಡ ಮಾಡಿದರು. ಮನೆ ಗುಂಪಿನವರ ಕೈಯಲ್ಲಿ. ಎರಡು ದಿನದಿಂದ ದೊರೆಗೆ ಬರೀ ನೀರು, ಅದೂ ಹನಿ ಹನಿ. ಪುಸ್ತಕ ಟೈಲರಮ್ಮನ ಬಳಿ, ಅವಳಿಗೆ ಜ್ವರ, ಇವತ್ತು ಎದ್ದು ಬಂದಿದ್ದಾಳೆ.

12:40. ಟೈಲರಮ್ಮನ ಫೋನ್ ಬಂತು. ಮಾತಾಡಲಿಲ್ಲ, ಬಟ್ಟಲಿನ ಪಕ್ಕ ಇಟ್ಟಿರಬೇಕು. ಕಿವಿಗೆ ಒತ್ತಿಕೊಂಡು ಕೇಳಿದೆ.

ಟಣ್ ಟಣ್.

ನನ್ನ ಬಾಯಿ ತೆರೆಯಿತು. ಪಕ್ಕದ ಹಾಸಿಗೆಯವನು ನಕ್ಕ. ಆಮೇಲೆ ಮತ್ತೆ ಟಣ್ ಟಣ್. ಮತ್ತೆ. ಎಣಿಸಿದೆ, ಹದಿನೇಳು.

"ಉಂಡ ಅಣ್ಣಾ. ಪೂರ್ತಿ."

ಉಂಡ. ನಾನಿಲ್ಲದೆ ಉಂಡ. ಇದಕ್ಕೇ ಅಲ್ಲವೇ ಇಷ್ಟು ಒದ್ದಾಡಿದ್ದು. ಇನ್ನು ಹೆದರಿಕೆಯಿಲ್ಲ. ಮತ್ತೆ ಯಾಕೆ ಹೊಟ್ಟೆಯೆಲ್ಲ ಬರಿದಾದ ಹಾಗೆ...

ಆಪರೇಷನ್‌ಗೆ ಕರೆದೊಯ್ಯಲು ಟ್ರಾಲಿ ಬಂತು. ನರ್ಸ್ ಪೆನ್ನು ಕೇಳುತ್ತಿದ್ದಾಳೆ. ಒಂದು ನಿಮಿಷ ಎಂದೆ. ಮೂವತ್ತಮೂರನೆಯದು ಒಂದಿದೆ, ಈಗ ನೆನಪಾಯಿತು. ಬಾಯಿ ಒರೆಸಿದ ಮೇಲೆ ಅವನ ಎಡಗೈ ತೆಗೆದುಕೊಂಡು ನನ್ನ ಕೆನ್ನೆಗೆ —