ದ್ಯಾವಮ್ಮನ ಹೆಸರು ಯಾವ ಕೋರ್ಟಿನದು?

ಕಾನೂನು ವಿಶ್ವವಿದ್ಯಾಲಯದ ಕುಲಸಚಿವರೇ,

ಹತ್ತು ವಿದ್ಯಾರ್ಥಿಗಳು ಸಿಗಲಿಲ್ಲವೆಂದು ಶಿರಸಿಯ ಸಂಜೆ ತರಗತಿಯನ್ನು ರದ್ದು ಮಾಡಿದ್ದೀರಿ. ವಿಷಯ: ವಿದೇಶಿ ಕೋರ್ಟುಗಳ ವ್ಯಾಪ್ತಿ ಮತ್ತು ತೀರ್ಪುಗಳು. ‘ಸ್ಥಳೀಯ ಪ್ರಸ್ತುತತೆ ಇಲ್ಲ’ ಎಂದು ಷರಾ ಬೇರೆ. ಆ ಪ್ರಸ್ತುತತೆ ಈಗ ಶಿರಸಿ ತಾಲ್ಲೂಕಿನದೇ ಆದ ವಾನಳ್ಳಿಯಲ್ಲಿ ನಮ್ಮತ್ತೆಯ ಜಗಲಿಗೇ ಬಂದು ಕೂತಿದೆ. ಎಲ್ಲಿಗೆ ಕಳಿಸಲಿ ಹೇಳಿ?

ನಾನು ಕೊಲ್ಲಿ ದೇಶದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನು. ಪಾಳಿ ಮುಗಿಸಿ ಇದನ್ನು ಫೋನಿಗೆ ಹೇಳುತ್ತಿದ್ದೇನೆ. ಊರಲ್ಲಿ ತಂಗಿ ಭೂಮಿಕಾ ಬರೆದುಕೊಳ್ಳುತ್ತಾಳೆ. ಗಡುಸು ಪದಗಳು ಅವಳವು, ಸಿಟ್ಟು ನನ್ನದು.

ಸೋದರತ್ತೆ ದ್ಯಾವಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾಳೆ. ಅದನ್ನು ಇಲ್ಲಿನ ವ್ಯಾಪಾರಿಗೆ ತೋರಿಸಿದ್ದು ನಾನೇ. ಅವನ ಇಂಗ್ಲಿಷ್ ಕರಾರನ್ನು ವಾಯ್ಸ್ ನೋಟಿನಲ್ಲಿ ಕನ್ನಡ ಮಾಡಿ ಹೇಳಿದ್ದೂ ನಾನೇ.

“ಕಡೀ ಹಾಳೇಲಿ ಎಂತ ಬರದಾರಾ ಸುಭಾಷ?”

“ಎಂತ ಇಲ್ವೇ ಅತ್ತೆ, ಎಲ್ಲಾ ಕರಾರಲ್ಲೂ ಇರದೇಯ. ಸೈ ಹಾಕು.”

ಆ ಹಾಳೆಯಲ್ಲಿ ಎರಡು ಸಾಲಿತ್ತು: ತಕರಾರು ಬಂದರೆ ವ್ಯಾಪಾರಿಯ ಊರಿನ ಕೋರ್ಟೇ ತೀರ್ಮಾನಿಸುತ್ತದೆ. ತಕರಾರು ಬಂತು. ಡಬ್ಬಿಯ ಮೇಲಿನ ‘ದ್ಯಾವಮ್ಮ’ ಎಂಬ ಹೆಸರು ತನ್ನದೆಂದು ಅವನು ದಾವೆ ಹೂಡಿದ. ಸಮನ್ಸ್ ವಾನಳ್ಳಿಗೂ ತಲುಪಿತು. ನಮ್ಮ ಮನೆಯಲ್ಲಿ ಪರದೇಶದ ಲಕೋಟೆಯೆಂದರೆ ಅದು ನನ್ನದು. ನಾನು ರಜೆಗೆ ಬರುವವರೆಗೆ ಯಾರೂ ಒಡೆಯುವುದಿಲ್ಲ. ಅತ್ತೆ ಅದನ್ನು ಭದ್ರವಾಗಿ ಟ್ರಂಕಿನಲ್ಲಿಟ್ಟಳು. ಪ್ರತಿವಾದಿ ಹಾಜರಿಲ್ಲವೆಂದು ಅಲ್ಲಿ ತೀರ್ಪಾಯಿತು. ಅದನ್ನೇ ಹಿಡಿದು ಅವನೀಗ ನಮ್ಮ ಕಡೆಯ ಕೋರ್ಟಿಗೂ ಬಂದಿದ್ದಾನೆ: ದ್ಯಾವಮ್ಮ ತನ್ನ ಡಬ್ಬಿಗೆ ದ್ಯಾವಮ್ಮ ಎಂದು ಅಂಟಿಸಕೂಡದು!

“ರೇಷನ್ ಕಾರ್ಡಲ್ಲಾದ್ರೂ ನನ್ ಹೆಸ್ರು ಬಿಡ್ತಾನ ಅವ?” ಎಂದಳು ಅತ್ತೆ.

ಸಹಿ ಹಾಕಿದ್ದಕ್ಕೆ ಆ ಕೋರ್ಟಿಗೆ ಅಧಿಕಾರ ಬಂತು, ಒಪ್ಪೋಣ. ಆದರೆ ಸಾಕ್ಷ್ಯವನ್ನೇ ತೂಗದೆ, ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಕೊಟ್ಟ ತೀರ್ಪು ನಮ್ಮ ಕೋರ್ಟನ್ನೂ ಕಟ್ಟಿಹಾಕುತ್ತದೆಯೇ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಹದಿಮೂರನೇ ಕಲಮಿನಲ್ಲಿ ಇದಕ್ಕೊಂದು ಕಿಂಡಿ ಇದೆಯಂತೆ. ನಮ್ಮ ವಕೀಲರಾದ ಬನವಾಸಿಯ ವೀರಪ್ಪನವರನ್ನು ಕೇಳಿದೆ. ಪ್ರಾಮಾಣಿಕ ಮನುಷ್ಯ. “ಆ ಪಾಠ ನಾವು ಚಾಯ್ಸಿಗೆ ಬಿಟ್ಟಿದ್ವಿ ನೋಡ್ರಿ ತಮ್ಮಾ” ಎಂದರು. ನೀವು ರದ್ದು ಮಾಡಿದ ತರಗತಿಗೆ ಮೊದಲು ಅರ್ಜಿ ಹಾಕಿದವರೂ ಅವರೇ. ಅತ್ತೆಯ ಉಪ್ಪಿನಕಾಯಿ ಪರದೇಶಕ್ಕೆ ಹೋಗಬಹುದು, ಪರದೇಶದ ತೀರ್ಪು ಅತ್ತೆಯ ಮನೆಗೆ ಬರಬಹುದು, ಪಾಠ ಮಾತ್ರ ಶಿರಸಿಗೆ ಬರಬಾರದೇ?

ವಿಚಾರಣೆಗೆ ಮೂರು ತಿಂಗಳಿದೆ. ತರಗತಿಯನ್ನು ಈ ತಿಂಗಳೇ ಶುರು ಮಾಡಿ. ‘ಆಸಕ್ತರೆಲ್ಲರೂ ಸೇರಬಹುದು’ ಎಂದು ನಿಮ್ಮ ಪ್ರಕಟಣೆಯೇ ಹೇಳಿದೆ. ಹತ್ತು ಅರ್ಜಿ ಲಗತ್ತಿಸಿದ್ದೇನೆ: ವಕೀಲರು, ಭೂಮಿಕಾ, ಆನ್‌ಲೈನಿನಲ್ಲಿ ನಾನು, ಮಿಡಿ ಹೆಕ್ಕುವ ಆರು ಹೆಂಗಸರು. ಹತ್ತನೆಯದು ಅತ್ತೆಯದು. ಅರ್ಜಿಯ ಕೊನೆಯ ಹಾಳೆಯನ್ನು ಭೂಮಿಕಾಳಿಂದ ಎರಡು ಸಲ ಓದಿಸಿಕೊಂಡು, ಆಮೇಲೆ ಕೇಳಿದಳಂತೆ: “ಹೆಸ್ರು ಬರೀಲಕ್ಕನೇ?”

ಬರೆದಿದ್ದಾಳೆ, ದಪ್ಪಕ್ಷರದಲ್ಲಿ.

ಇಂತಿ,
ಆ ಎರಡು ಸಾಲು ಓದದ ಸೋದರಳಿಯ,
ಸುಭಾಷ