ತೊಳೆಯದ ಉಪ್ಪು

ಮೊನೆಸೆನ್, ಪೆನ್ಸಿಲ್ವೇನಿಯಾ
28 ಏಪ್ರಿಲ್ 1987

ಮಗ ಮಿಲೋಶನಿಗೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ, ಕೆಲಸವಿತ್ತು. ನಾನು ನಿನ್ನ ತಾಯಿ ಹೌದು. ಆದರೆ ಇದನ್ನು ಬರೆಯುತ್ತಿರುವುದು ಹ್ರಿಂಕೋ ಉಕ್ಕಿನ ಅಂಗಳದ ಯಜಮಾನಿ. ಹತ್ತೊಂಬತ್ತು ವರ್ಷಗಳಿಂದ ನಾನು ಮುಟ್ಟಿ ನೋಡದ ಒಂದು ತೊಲೆಯೂ ಈ ಗೇಟು ದಾಟಿಲ್ಲ.

ನೀನು ರಜೆಗೆ ಹೋಗಿರುವ ಸರೋವರದಲ್ಲಿ ಮೀನು ಸಿಗುತ್ತಿದೆ ಎಂದು ಬರೆದಿದ್ದೀಯ. ಸಂತೋಷ. ಇಲ್ಲಿ ಈಸ್ಟರ್ ಚೆನ್ನಾಗಿ ಆಯಿತು. ನಿನ್ನ ತಂಗಿ ಮಾಡಿದ ಸಿಹಿ ರೊಟ್ಟಿ ಸ್ವಲ್ಪ ಸೀದಿತ್ತು.

ಶಾಲೆಯ ಹಳ್ಳಕ್ಕೆ ಹಾಕುವ ಕಾಲುಸೇತುವೆಯ ತೊಲೆಗಳನ್ನು ಹೋದ ವಾರದ ಸೋಮವಾರ ನೋಡಿದೆ. ಬಣ್ಣ ಬೇಡದ ಉಕ್ಕು ಅದು. ತನ್ನ ತುಕ್ಕನ್ನೇ ಚರ್ಮ ಮಾಡಿಕೊಂಡು ಬದುಕುತ್ತದೆ. ಹೆಬ್ಬೆರಳಿನಿಂದ ಉಜ್ಜಿದೆ. ಹಕ್ಕಳೆಹಕ್ಕಳೆಯಾಗಿ ಉದುರಿತು.

ಮೂವತ್ತು ವರ್ಷದಿಂದ ಉಕ್ಕಿಗೆ ಮರಳು ಹೊಡೆದು ಶುಚಿ ಮಾಡುವ ರೂಬೆನ್ ಪಕ್ಕದಲ್ಲಿದ್ದ. "ಅಮ್ಮಾವ್ರೇ, ಇದು ಚರ್ಮ ಅಲ್ಲ, ಈರುಳ್ಳಿ ಸಿಪ್ಪೆ," ಎಂದ.

"ಯಾಕೆ?"

"ಚಳಿಗಾಲ ಪೂರ್ತಿ ರಸ್ತೆ ಪಕ್ಕ ಬಿದ್ದಿದ್ವು. ಹಿಮ ಕರಗಲಿ ಅಂತ ಲಾರಿಯೋರು ರಸ್ತೆಗೆ ಎರಚಿದ ಉಪ್ಪೆಲ್ಲ ಮೈಮೇಲೇ ಐತೆ. ತೊಳೆಯೋಣ ಸಣ್ಣ ಯಜಮಾನ್ರೇ ಅಂದೆ. 'ತುಕ್ಕು ಬರಿಸೋ ಔಷಧಿ ಬಳಿಯೋ ಮುದುಕಪ್ಪ, ಉದುರಿದ್ರೆ ಇನ್ನೊಂದು ತುಕ್ಕು ಬರುತ್ತೆ' ಅಂದ್ರು."

"ನೀನ್ಯಾಕೆ ನನಗೆ ಹೇಳಲಿಲ್ಲ?"

"ನಿಮ್ಮ ಮಗನ ಮೇಲೆ ನಿಮಗೆ ದೂರು ಹೇಳೋಕೆ ನನಗಿನ್ನೂ ಹುಚ್ಚು ಹಿಡಿದಿಲ್ಲ."

ಉಪ್ಪಿನ ಮೇಲೆ ಯಾವ ಔಷಧಿಯೂ ನಿಲ್ಲುವುದಿಲ್ಲ. ಇದನ್ನು ನೀನು ಹನ್ನೆರಡನೆಯ ವಯಸ್ಸಿನಲ್ಲೇ ಕಲಿತಿದ್ದೆ. ಆ ಸೇತುವೆಯ ಮೇಲೆ ನಡೆಯುವವರು ಮಕ್ಕಳು.

ಹದಿನಾರು ತೊಲೆಗಳಿಗೂ ಮತ್ತೆ ಮರಳು ಹೊಡೆಸಿದೆ, ತೊಳೆಸಿದೆ. ಔಷಧಿ ಬಳಿದದ್ದಾಯಿತು, ಈಗ ದಿನಕ್ಕೊಮ್ಮೆ ನೆನೆಸಿ ಒಣಗಿಸುತ್ತಿದ್ದಾರೆ. ಸೇತುವೆ ಆರು ವಾರ ತಡವೆಂದೂ, ತಪ್ಪು ನಮ್ಮದೆಂದೂ ಪುರಸಭೆಗೆ ನನ್ನ ಸಹಿಯಲ್ಲೇ ಬರೆದೆ. ಅಂಗಳದ ಬೀಗದ ಕೈ ನಿನ್ನೆ ರೂಬೆನ್‌ಗೆ ಕೊಟ್ಟೆ. ನೀನು ಬಂದ ಮೇಲೆ ಅವನ ಕೈಕೆಳಗೆ ನೀರಿನ ಕೊಳವೆ ಹಿಡಿಯಬೇಕು.

ದೇವರು ನಿನ್ನನ್ನು ಕಾಪಾಡಲಿ. ನೀರಿನ ಹತ್ತಿರ ಟೋಪಿ ಹಾಕಿಕೋ.

ನಿನ್ನ ತಾಯಿ,
ಝೋಫಿಯಾ ಹ್ರಿಂಕೋ

ಮರೆತಿದ್ದೆ: ನಿಮ್ಮಪ್ಪನ ಸಮಾಧಿಯ ಮೇಲಿನ, ಇದೇ ಉಕ್ಕಿನ ಶಿಲುಬೆಯನ್ನು ಹದ ಮಾಡಿದವನೂ ನೀನೇ. ಮೂರು ವರ್ಷಗಳಿಂದ ಪ್ರತಿ ಭಾನುವಾರ ಅದರಿಂದ ಉದುರಿದ್ದನ್ನು ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದೇನೆ. ಯಾರಿಗೂ ಹೇಳಲಿಲ್ಲ, ನಿನಗೂ. ಹೇಳಿದ್ದರೆ ಈ ತೊಲೆಗಳು ಕೆಡುತ್ತಿರಲಿಲ್ಲ. ಇಂದು ಬೆಳಿಗ್ಗೆ ಆ ಶಿಲುಬೆಯನ್ನು ಕೀಳಿಸಿ ಅಂಗಳಕ್ಕೆ ತರಿಸಿದೆ. ತೊಲೆಗಳ ಸಾಲಿನ ಕೊನೆಯಲ್ಲಿದೆ. ಅದನ್ನು ಯಾರೂ ಮುಟ್ಟಬಾರದೆಂದು ರೂಬೆನ್‌ಗೆ ಹೇಳಿದ್ದೇನೆ, ತೊಳೆಯುವವನು ನೀನು.