ವ್ಯಕ್ತಿಯಲ್ಲದವರು ಕೊಟ್ಟ ಮಾತು

ಮಾರ್ಚ್ ೧೪, ಗುರುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಎರಡು ಪತ್ರಗಳೂ ತಲುಪಿ ತಿಂಗಳ ಮೇಲಾಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಕೋರ್ಟಿನ ತೀರ್ಪು ಬರಲಿ, ಒಂದೇ ಸಲ ಬರೆಯೋಣ ಎಂದುಕೊಂಡಿದ್ದೆ. ಬಂತು. ಸೋತೆ. ಉಳಿದಂತೆ ಮನೆಯಲ್ಲಿ ಎಲ್ಲರೂ ಸೌಖ್ಯ. ಎಲ್ಲರೂ ಎಂದರೆ ಈಗ ನಾನು, ಮಗಳು ಇಬ್ಬರೇ. ಅವಳ ಕೆಮ್ಮು ಇಳಿದಿದೆ. ನಾನು ಮತ್ತೆ ಆಸ್ಪತ್ರೆಯ ಲಾಂಡ್ರಿಗೆ ಹೋಗುತ್ತಿದ್ದೇನೆ. ರಕ್ತದ ಕಲೆಗೆ ಬಿಸಿನೀರು ಹಾಕಬೇಡಿ, ಅಲ್ಲೇ ಕೂತುಬಿಡುತ್ತದೆ ಎಂದು ಹೊಸಬರಿಗೆ ದಿನವೂ ಬಾಯಿ ಬಡಿದುಕೊಳ್ಳುತ್ತೇನೆ.

ನಾನು ಕೇಳಿದ್ದು ಹಣವಲ್ಲ, ನಿನಗೆ ಗೊತ್ತು. ಹೆರಿಗೆ ನೋವಿನ ಹೆಂಗಸನ್ನು ಆಂಬ್ಯುಲೆನ್ಸಿನಲ್ಲಿ ಕರೆತರುತ್ತಿದ್ದ ನಿನ್ನ ಭಾವನ ಮೇಲೆ, ಸೇತುವೆಯಾಚೆಯ ಬಂಡುಕೋರರು ತಾವೇ ಕೊಟ್ಟ ಮಾತು ಮುರಿದು ಗುಂಡು ಹಾರಿಸಿದರು ಎಂದು ಕೋರ್ಟು ಒಂದು ಸಾಲು ಬರೆಯಲಿ ಎಂದಷ್ಟೇ ಕೇಳಿದ್ದೆ. ಅವರ ಪ್ರಕಟಣೆಯಲ್ಲಿ ಭಾವ ಬರೀ 'ಅನುಮಾನಾಸ್ಪದ ವಾಹನದ ಚಾಲಕ'. ಮಗಳು ಅಪ್ಪನನ್ನು ಹಾಗೆ ಓದಿಕೊಂಡು ಬೆಳೆಯಬಾರದಲ್ಲ.

ಆಂಬ್ಯುಲೆನ್ಸ್‌ಗಳನ್ನು ಮುಟ್ಟುವುದಿಲ್ಲವೆಂದು ಸಂಧಾನಕಾರನಾಗಿ ಹೋಗಿ ಅವರಿಂದ ಬರೆಸಿಕೊಂಡವನೇ ನೀನು. ಅವರ ಮುಖ್ಯಸ್ಥನ ಸಹಿ, ಕೆಂಪು ಮೊಹರು, ಕೆಳಗೆ ಸಾಕ್ಷಿಯಾಗಿ ನಿನ್ನ ಸಹಿ. ಡ್ರೈವರುಗಳೆಲ್ಲ ಅದನ್ನು ಜೆರಾಕ್ಸ್ ಮಾಡಿಸಿ ಗಾಡಿಯ ಮುಂದಿನ ಗಾಜಿಗೆ ಅಂಟಿಸಿಕೊಂಡಿದ್ದರು. ಬಿಸಿಲಿಗೆ ಮಾಸಿದಾಗಲೆಲ್ಲ ಭಾವ ಹೊಸದು ಅಂಟಿಸುತ್ತಿದ್ದರು. "ಬ್ರೇಕ್ ಇಲ್ದೆ ಬೇಕಾದ್ರೂ ಹೋಗ್ತೀನಿ, ನಿನ್ ತಮ್ಮನ ಸಹಿ ಇಲ್ದೆ ಹೋಗಲ್ಲ ಕಣೇ" ಎನ್ನುತ್ತಿದ್ದರು.

ಕೋರ್ಟಿನಲ್ಲಿ ನಡೆದ ತಮಾಷೆ ಕೇಳು. ಬಂಡುಕೋರರ ಪರವಾಗಿ ಗರಿಗರಿ ಇಸ್ತ್ರಿಯ ಕೋಟಿನ ವಕೀಲರೊಬ್ಬರು ಬಂದಿದ್ದರು. ಎದ್ದು ನಿಂತು ವಾದಿಸಿದ್ದೇನು ಗೊತ್ತೇ? ತಮ್ಮ ಕಕ್ಷಿದಾರರು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ ಎಂದು!

"ಹಾಗಾದ್ರೆ ಇವ್ರನ್ನ ಕಳಿಸ್ದೋರು ಯಾರು?" ಎಂದು ನಮ್ಮ ವಕೀಲಮ್ಮನ ಕಿವಿಯಲ್ಲಿ ಕೇಳಿದೆ.

"ಸುಮ್ನಿರಿಮ್ಮ. ಅಂತರರಾಷ್ಟ್ರೀಯ ಕಾನೂನಲ್ಲಿ ದೇಶ ಅನ್ನೋದು ಒಬ್ಬ ವ್ಯಕ್ತಿ ಇದ್ದ ಹಾಗೆ. ಮಾತು ಕೊಡಬಹುದು, ತಪ್ಪಿದ್ರೆ ಹೊಣೆ ಹೊರಬೇಕು. ಬಂದೂಕು ಹಿಡಿದ ಗುಂಪಿಗೂ ಆ ಸ್ಥಾನ ಇದ್ಯಾ ಇಲ್ವಾ ಅನ್ನೋದೇ ಜಗಳ. ಹೊಡೆದವನ ಗುರುತು ಸಿಕ್ಕಿದ್ರೆ ಅವನೊಬ್ಬನ ಮೇಲೆ ಕೇಸು ಹಾಕ್ಬೋದಿತ್ತು" ಎಂದರು.

ಹೊಡೆದವನು ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ. ಸೇತುವೆಯಾಚೆ ಅಂಗಡಿ ತೆರೆಯಲು, ಮದುವೆಯಾಗಲು, ಹೆಣ ಸಾಗಿಸಲು ಈ 'ಇಲ್ಲದವರ' ಅಪ್ಪಣೆಯೇ ಬೇಕು. ಭಾವನ ದೇಹ ತರಲು ನಾನೂ ಅವರ ಕಚೇರಿಯ ಬೆಂಚಿನಲ್ಲಿ ಇಡೀ ಹಗಲು ಕೂತಿದ್ದೆ. ಆಗ ಅವರು ಚೆನ್ನಾಗಿಯೇ ಇದ್ದರು, ತಲೆಯ ಮೇಲೆ ಫ್ಯಾನೂ ತಿರುಗುತ್ತಿತ್ತು.

ಆಮೇಲೆ ಆ ವಕೀಲರು ಕಾನೂನು ಪತ್ರಿಕೆಯೊಂದರಲ್ಲಿ ಬಂದ ನಿನ್ನ ಹಳೆಯ ಲೇಖನ ತೆಗೆದು ಓದಿದರು. ಇಂಥ ಗುಂಪುಗಳಿಗೆ ಕಾನೂನಿನ ವ್ಯಕ್ತಿತ್ವವಿಲ್ಲ, ಅವು ಸಹಿ ಹಾಕಿದ ಮಾತಿಗೆ ನೈತಿಕ ಬೆಲೆ ಮಾತ್ರ ಎಂದು ನೀನೇ ಬರೆದಿದ್ದೀಯ. ಸಹಿ ಹಾಕಿಸುವುದಕ್ಕೆ ಮುಂಚೆಯೇ ಅಚ್ಚಾಗಿದೆ. "ಸಾಕ್ಷಿ ಹಾಕಿದವ್ರೇ ಹೀಗಂತಾರೆ ಸ್ವಾಮಿ" ಎಂದು ಅವರು ನಕ್ಕರು. ನ್ಯಾಯಾಧೀಶರು ಅರ್ಜಿ ವಜಾ ಮಾಡಿದರು. ನೀನು ಬರೆದದ್ದು ತಪ್ಪೆಂದು ಹೇಳುವಷ್ಟು ನಾನು ಓದಿಲ್ಲ. ಆದರೆ ಗೊತ್ತಿದ್ದವನು ಆ ಡ್ರೈವರುಗಳಿಗೆ ಒಂದು ಮಾತು ಹೇಳಬಾರದಿತ್ತೇ?

ನಿನಗೆ ದೊಡ್ಡ ಹುದ್ದೆ ಸಿಗುವುದರಲ್ಲಿದೆ ಎಂದು ಬರೆದಿದ್ದೀಯ. ಸಿಗಲಿ. ಹೊತ್ತುಹೊತ್ತಿಗೆ ಊಟ ಮಾಡು, ಬೆನ್ನುನೋವು ನೋಡಿಕೋ. ನೂರು ಕಾಲ ಬಾಳು.

ನಿನ್ನ ಅಕ್ಕ

ಇನ್ನೊಂದು ಮಾತು: ಆ ದಿನ ಹೊರಡುವ ಮುಂಚೆ ಸೇತುವೆಯ ಕಡೆ ಗುಂಡಿನ ಸದ್ದು ಕೇಳಿ ಭಾವ ಹಿಂದೆಮುಂದೆ ನೋಡಿದರು, ನಿನಗೆ ಫೋನ್ ಮಾಡಿದರು. "ಸಹಿ ಹಾಕಿದಾರೆ ಭಾವ, ಅವ್ರು ಮಾತು ತಪ್ಪೋ ಹಾಗಿಲ್ಲ, ಧೈರ್ಯವಾಗಿ ಹೋಗಿ" ಎಂದೆ ನೀನು. ನಾನು ಪಕ್ಕದಲ್ಲೇ ಇದ್ದೆ. ರಸ್ತೆಗೆ ಭಯವಿಲ್ಲವೆಂದು ಅವರಿಗೆ ಯಾರಾದರೂ ಹೇಳಿದ್ದರೇ ಎಂದು ನ್ಯಾಯಾಧೀಶರು ನನ್ನನ್ನು ಕೇಳಿದರು. ನಿನ್ನ ಹುದ್ದೆಗೆ ಕುತ್ತಾದೀತೆಂದು "ಯಾರೂ ಹೇಳಿಲ್ಲ ಸ್ವಾಮಿ" ಎಂದೆ. ಚಾಲಕ ತನ್ನ ಇಷ್ಟದಂತೆ, ತನ್ನ ಹೊಣೆಯ ಮೇಲೆ ಹೋದ ಎಂದು ತೀರ್ಪಿನಲ್ಲಿದೆ. ಮಗಳು ಅದನ್ನು ಓದಿದಳು. ರಜೆಗೆ ಮಾಮ ಯಾವಾಗ ಬರ್ತಾರೆ ಎಂದು ಕೇಳುತ್ತಿದ್ದಾಳೆ. ಬರಬೇಡ.